ನಾಯಿಗೆ ಮನುಷ್ಯನ ಗುಣ ಗೊತ್ತಾಗ್ತೈತೇನು? ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಗಂಗಾವತಿ ಸುತ್ತಮುತ್ತ ಮನಿಗಳಿಗೆ ಹೋಗಿ ನಾಯಿಗೆ ಟ್ರೇನಿಂಗ್ ಕೊಡೋದು ನನ್ನ ಕೆಲಸ. ನಾಯಿ ಸಾಕಿದವ್ರು, ಸಾಕಬೇಕಂದವ್ರು, ಓಣಿ ನಾಯಿ ಕಾಟ ಅಂತ ಬೈಯೋರು, ಯಾರ ಜೊತಿ ಮಾತಿಗೆ ನಿಂತ್ರೂ ಈ ವಿಷಯ ಬಂದೇ ಬರ್ತೈತಿ. ಫೋನ್‌ದಾಗ, ಮೆಸೇಜ್‌ದಾಗ, ಮಿರ್ಚಿ ಅಂಗಡಿ ಮುಂದ ನಿಂತು ಕೇಳಿದ್ದನ್ನೆಲ್ಲ ಕೇಳಿದವ್ರ ಮಾತಿನ್ಯಾಗನ ಇಟ್ಟು ಇಲ್ಲಿ ಬರ್ದೀನಿ. ಮೊದಲು ಸಾದಾ ಪ್ರಶ್ನೆ, ಆಮೇಲೆ ಪ್ರಯೋಗದ್ದು, ಕೊನಿಗೆ ನಂಬಿಕಿದು ಮತ್ತ ಸ್ವಲ್ಪ ಕಠಿಣ ಇರೋವು.

## ಮೊದಮೊದಲು ಕೇಳೋವು

ನಾಯಿಗೆ ಒಳ್ಳೆಯವ್ರು ಯಾರು ಕೆಟ್ಟವ್ರು ಯಾರು ಅಂತ ನಿಜವಾಗ್ಲೂ ಗೊತ್ತಾಗ್ತೈತೇನ್ರಿ?

ಗುಣ ಗೊತ್ತಾಗಂಗಿಲ್ರಿ. ಗೊತ್ತಾಗೂದು ಏನಂದ್ರ, ಎದುರಿಗಿರೋ ಮನುಷ್ಯ ಆ ಹೊತ್ತಿಗೆ ಹೆಂಗ ನಿಂತಾನ, ಕೈ ಎಲ್ಲೈತಿ, ದನಿ ಬಿರುಸೈತೋ ಮೆತ್ತಗೈತೋ, ಮೈ ವಾಸನಿ ಏನು, ಅಂಜ್ಯಾನೋ ಸಿಟ್ಟಿಗೆದ್ದಾನೋ, ಮತ್ತ ಈ ಮನುಷ್ಯ ಹಿಂದ ತನಗೇನು ಮಾಡಿದ್ದ ಅನ್ನೂದು. ಇಷ್ಟನ್ನ ನಾಯಿ ನಮಗಿಂತ ಜಲ್ದಿ ಹಿಡಿತೈತಿ, ಅದ್ರಾಗ ಎರಡು ಮಾತಿಲ್ಲ. ಆದ್ರ ಸಾಲ ತಗೊಂಡು ಕೈ ಎತ್ತೋನು ಯಾರು, ಹೆಂಡ್ತಿನ್ನ ಬಡಿಯೋನು ಯಾರು, ತೂಕದಾಗ ಮೋಸ ಮಾಡೋನು ಯಾರು ಅನ್ನೂದಕ್ಕ ಒಂದು ವಾಸನಿ ಅಂತ ಇರಂಗಿಲ್ಲ. ಅಂಥವನೇ ಬಂದು ತಣ್ಣಗ ಕುಂತು ಒಂದು ಬಿಸ್ಕೀಟು ಕೊಟ್ರ ನಾಯಿ ಬಾಲ ಅಲ್ಲಾಡಸ್ತೈತಿ. ಒಬ್ಬರ ನಡತಿ ತಿಳಿಬೇಕಂದ್ರ ನಮಗೇ ವರ್ಷಗಟ್ಟಲೆ ಬೇಕು, ನಾಯಿಗೆ ಸಿಗೂದು ಗೇಟಿನ ಹತ್ರ ಅರ್ಧ ನಿಮಿಷ.

ನಮ್ಮ ಟಾಮಿ ಎಲ್ಲಾರ ಹತ್ರ ಹೋಗ್ತೈತಿ, ನಮ್ಮ ಸಣ್ಣ ಮಾವ ಬಂದ್ರ ಮಾತ್ರ ಗುರ್ ಅಂತೈತಿ. ಏನರ ಇರಬೇಕಲ್ಲ?

ಇರತೈತಿ, ಆದ್ರ ಅದು ಮಾವನ ಮನಸಿನ್ಯಾಗನ ಇರಬೇಕಂತಿಲ್ಲ. ಇಂಥ ಮನಿಗೆ ಹೋದಾಗ ನಾನು ಮೊದಲು ಕೇಳೂದು ಆತ ಏನ್ ಕೆಲಸ ಮಾಡ್ತಾರ, ಎಲ್ಲಿಂದ ಸೀದಾ ಬರ್ತಾರ ಅಂತ. ಹತ್ತಿಗೆ ಎಣ್ಣಿ ಹೊಡೆದು ಅದೇ ಅಂಗಿ ಮ್ಯಾಲ ಬಂದಿದ್ರ ಆ ಔಷಧದ ಘಾಟು ನಾಯಿಗೆ ಓಣಿ ತುದಿಗೇ ಬಡೀತೈತಿ. ವಾಸನಿ ಹಿಡಿಯೋ ಕಣ ನಮ್ಮ ಮೂಗಿನ್ಯಾಗ ಸುಮಾರು 50-60 ಲಕ್ಷ ಇದ್ರ ನಾಯಿ ಮೂಗಿನ್ಯಾಗ 20 ಕೋಟಿಗೂ ಮ್ಯಾಲ. ಬೀಡಿ, ಗುಟ್ಕಾ, ಸೆರೆ ವಾಸನಿನೂ ಹಂಗ. ಆಮೇಲೆ ಬರ್ತಾವ ಎತ್ತರದ ಆಳು, ದಪ್ಪ ದನಿ, ಬಂದ ಕೂಡ್ಲೆ ನಾಯಿ ಮ್ಯಾಲ ಬಗ್ಗಿ ತಲಿ ತಟ್ಟೋ ಚಾಳಿ, ಕಣ್ಣಾಗ ಕಣ್ಣಿಟ್ಟು ನೋಡೂದು. ಪ್ರೀತಿಲೇ ಮಾಡಿರತಾರ, ನಾಯಿಗೆ ಮಾತ್ರ ಅವೆಲ್ಲ ಮೈಮ್ಯಾಲ ಬರೋ ಲಕ್ಷಣ.

ಮಂದಿ ಮರೆಯೋ ಇನ್ನೊಂದು ಕಾರಣ ನೀವೇ. ನಿಮಗೂ ಆ ಮಾವಗೂ ಆಗಿಬರಂಗಿಲ್ಲ ಅಂದ್ರ ಗೇಟ್ ಸಪ್ಪಳಕ್ಕ ನಿಮ್ಮ ಮೈ ಬಿಗಿ ಆಗ್ತೈತಿ, ಗೊತ್ತಿಲ್ದಂಗ ಚೈನು ಜಗ್ಗಿ ಹಿಡಿತೀರಿ, ನಾಯಿ ನಿಮ್ಮನ್ನ ನೋಡಿ ಆತನ ಮ್ಯಾಲ ಬೊಗಳ್ತೈತಿ. ಆಮೇಲೆ ನೀವು "ನೋಡು, ನಾಯಿಗೂ ಗೊತ್ತಾತು" ಅಂತೀರಿ!

ಮಾವಗ ಹೇಳ್ರಿ, ಬಂದ ಕೂಡ್ಲೆ ನಾಯಿ ಕಡೆ ನೋಡೂದು ಬ್ಯಾಡ, ಅಡ್ಡ ಮುಖ ಮಾಡಿ ಕುಂದರ್ಲಿ, ಕೈ ತೊಡಿ ಮ್ಯಾಲ ಇರ್ಲಿ, ಅದಾಗೇ ಬಂದು ಮೂಸಿ ಹೋಗ್ಲಿ. ನಾಲ್ಕೈದು ಸಲ ಹಿಂಗ ಆದ್ರ ಭಾಳಷ್ಟು ನಾಯಿ ಸುಮ್ಕ ಆಗ್ತಾವ. ಗುಣ ನೋಡಿ ಬೊಗಳಿದ್ದಾದ್ರ, ಕುಂದ್ರೋ ರೀತಿ ಬದಲಾದ ಮಾತ್ರಕ್ಕ ಬೊಗಳೂದು ನಿಲ್ಲಬಾರದಿತ್ತಲ್ಲ.

ಅಂಜಿದ್ರ ಮೈಯಿಂದ ವಾಸನಿ ಬರ್ತೈತಿ, ನಾಯಿ ಅದನ್ನ ಹಿಡಿದು ಬೆನ್ನು ಹತ್ತತೈತಿ ಅಂತಾರ, ಖರೇ ಏನು?

ಮೊದಲ ಅರ್ಧ ಖರೆ. 2022ರಾಗ ಬೆಲ್‌ಫಾಸ್ಟ್‌ನ ಕ್ವೀನ್ಸ್ ಯೂನಿವರ್ಸಿಟಿಯವ್ರು 36 ಮಂದಿಗೆ ಬಾಯಿಲೆ ಜಲ್ದಿ ಜಲ್ದಿ ಲೆಕ್ಕ ಮಾಡ್ಸಿ ಒತ್ತಡ ತಂದು, ಅದಕ್ಕಿಂತ ಮೊದ್ಲಿಂದು ಮತ್ತ ಆಮೇಲಿಂದು ಬೆವರು, ಉಸಿರು ಎರಡನ್ನೂ ಹಿಡಿದಿಟ್ಟು, ಟ್ರೇನಿಂಗ್ ಆದ 4 ನಾಯಿಗಳ ಮುಂದ ಇಟ್ಟಿದ್ರು. ಒತ್ತಡದ ಸ್ಯಾಂಪಲ್ ಯಾವ್ದು ಅಂತ ಸುಮಾರು 94 ಪರ್ಸೆಂಟ್ ಸಲ ಸರಿಯಾಗಿ ತೋರಿಸಿದ್ವು. 2018ರಾಗ ಇಟಲಿಯ ನೇಪಲ್ಸ್‌ನವ್ರು ಅಂಜಿದ ಮನುಷ್ಯರ ಬೆವರು ಮೂಸಕ್ಕ ಬಿಟ್ಟಾಗ ನಾಯಿಗಳ ಎದಿ ಬಡಿತನೇ ಏರಿತ್ತು.

ಎರಡನೇ ಅರ್ಧದಾಗ ಮಾತು ತಪ್ಪತೈತಿ. ಆ ನೇಪಲ್ಸ್ ಪ್ರಯೋಗದಾಗ ಅಂಜಿಕಿ ವಾಸನಿ ಬಡಿದ ನಾಯಿಗೋಳು ಯಾರ ಮ್ಯಾಲನೂ ಏರಿ ಹೋಗ್ಲಿಲ್ಲ, ತಮ್ಮ ಮಾಲೀಕರ ಹತ್ರನೇ ಹೆಚ್ಚು ಹೋಗಿ ನಿಂತ್ವು, ಹೊಸಬರ ಕಡೆ ಹೋಗೂದು ಕಡಿಮಿ ಆತು. ಅಂದ್ರ ನಿಮ್ಮ ಅಂಜಿಕಿ ನಾಯಿಗೂ ಹತ್ತತೈತಿ. ಬೆನ್ನು ಹತ್ತೂದು ನೀವು ಓಡಿದ್ದಕ್ಕ, ಓಡೋದನ್ನ ಅಟ್ಟೂದು ಅದ್ರ ರಕ್ತದಾಗ ಬಂದಿದ್ದು. ಅಂಜ್ಕೊಂಡ್ರೂ ಪರವಾಗಿಲ್ಲ, ನಿಂತ್ಕೊಳ್ರಿ, ಕೈ ಕೆಳಗ ಬಿಡ್ರಿ, ಕಣ್ಣು ಬ್ಯಾರೆ ಕಡೆ ಇರ್ಲಿ. ಅಂಜೋನು ಕೆಟ್ಟವ ಅಂತ ಯಾವ ನಾಯಿನೂ ಹೇಳಿಲ್ಲ.

ನೈಟ್ ಶಿಫ್ಟ್ ಮುಗಿಸಿ ಬಂದ್ರ ನಮ್ಮ ಓಣಿ ನಾಯಿಗಳೇ ನನ್ನ ಮ್ಯಾಲ ಬರ್ತಾವ, ಹಗಲೊತ್ತು ಅವೇ ಬಾಲ ಆಡಸ್ತಾವ. ಇದೇನು?

ತೋರಣಗಲ್ಲು ಸ್ಟೀಲ್ ಪ್ಲಾಂಟಿಗೆ ಹೋಗೋ ಹುಡುಗ್ರು ಇದನ್ನ ಕೇಳೂದು ಭಾಳ. ಹೆಲ್ಮೆಟ್ ಹಾಕಿದ್ರ ನಿಮ್ಮ ತಲಿ ಆಕಾರ ಬದಲಾತು, ಮುಖ ಕಾಣವಲ್ದು, ಸೇಫ್ಟಿ ಬೂಟಿನ ಸಪ್ಪಳ ನಿಮ್ಮ ಚಪ್ಪಲಿ ಸಪ್ಪಳ ಅಲ್ಲ, ಮೈತುಂಬ ಪ್ಲಾಂಟಿನ ಎಣ್ಣಿ, ಧೂಳು. ನಾಯಿ ಕಣ್ಣು ದೂರದಿಂದ ಮುಖದ ಗುರ್ತು ಹಿಡಿಯೂದ್ರಾಗ ನಮ್ಮಷ್ಟು ಚುರುಕಿಲ್ಲ, ಅದು ನಂಬೂದು ಆಕಾರ, ನಡಿಗಿ, ವಾಸನಿ. ಮೂರೂ ಬದಲಾದ್ರ ನೀವು ಹೊಸಬರು. ಗಾಡಿ ನಿಧಾನ ಮಾಡಿ, ಹೆಲ್ಮೆಟ್ ತಗದು, ದಿನಾ ಕರಿಯೋ ಹೆಸರಿಲೇ ಒಂದ್ಸಲ ಕರೀರಿ, ಅಷ್ಟ ಸಾಕು. (ಹೆಲ್ಮೆಟ್ ತಗಿಯೂದು ಓಣಿಯೊಳಗ ಗಾಡಿ ನಿಂತ ಮ್ಯಾಲ, ಹೈವೇ ಮ್ಯಾಲ ಅಲ್ಲ.)

ಚೀಲ ಹೊತ್ತವ್ರು, ಚಿಂದಿ ಆಯೋರು, ಭಿಕ್ಷಾ ಬೇಡೋರು ಬಂದ್ರನ ಯಾಕ ಹೆಚ್ಚು ಬೊಗಳ್ತಾವ? ಅವ್ರಾಗ ಕಳ್ಳರಿರತಾರ, ನಾಯಿಗೆ ಗೊತ್ತಾಗ್ತೈತಿ ಅಂತಾರಲ್ಲ?

ಈ ಪ್ರಶ್ನೆ ಸಲುವಾಗಿನ ನಾನು ಇದನ್ನೆಲ್ಲ ಬರಿಯಾಕ ಕುಂತಿದ್ದು. ನಾಯಿ ಬೊಗಳಿದ್ದಕ್ಕನ ಒಬ್ಬನ್ನ ಹಿಡಿದು ನಿಲ್ಲಿಸಿ, ಚೀಲ ತೆರೆಸಿ ನೋಡಿ, ಬೈದು ಕಳಿಸೋದನ್ನ ನಮ್ಮ ಊರುಗಳಾಗ ಯಾವಾಗ ಬೇಕಾದ್ರೂ ನೋಡಬಹುದು. ಆ ಬೊಗಳಿಕಿ ಬರೂದು ಎಲ್ಲಿಂದ ಅಂತ ಒಂದೊಂದಾಗಿ ನೋಡ್ರಿ. ಬೆನ್ನ ಮ್ಯಾಲ ದೊಡ್ಡ ಚೀಲ ಇದ್ರ ಮನುಷ್ಯನ ಆಕಾರ ಬದಲಾಗ್ತೈತಿ. ಕೈಯಾಗ ಕೋಲು ಇರತೈತಿ, ಅದು ನಾಯಿ ಅಟ್ಟಾಕನ ಹಿಡಿದಿದ್ದು, ನಾಯಿಗೆ ಕೋಲು ಅಂದ್ರ ಪೆಟ್ಟು. ಚೀಲದಾಗ ಹತ್ತು ಓಣಿಯ ಕಸ, ಅಂದ್ರ ಹತ್ತು ಓಣಿಯ ಬ್ಯಾರೆ ನಾಯಿಗಳ ವಾಸನಿ. ಆತ ಸೀದಾ ನಡಿಯಂಗಿಲ್ಲ, ನಿಂದರ್ತಾನ, ಬಗ್ಗತಾನ, ಕಸದ ಗುಂಪಿ ಕೆದರ್ತಾನ, ಆ ಗುಂಪಿ ಓಣಿ ನಾಯಿಗಳ ಊಟದ ಜಾಗ. ಇಷ್ಟು ಸಾಕು ನಾಯಿಗೆ. ಅದ್ರ ಮ್ಯಾಲ ನಾವು ಬಾಗಿಲದಾಗ ನಿಂತು "ಏಯ್ ನಡಿ ಅತ್ಲಾಗ" ಅಂತ ಒದರ್ತೀವಿ, ಯಾರನ್ನ ಕಂಡ್ರ ನಮ್ಮ ದನಿ ಏರ್ತೈತಿ ಅನ್ನೂದನ್ನ ನಾಯಿ ಮರಿ ಇದ್ದಾಗಿಂದ ಕೇಳ್ಕೊಂಡು ಬೆಳಿತೈತಿ. ಬಿಳಿ ಅಂಗಿ ಹಾಕ್ಕೊಂಡು ಕಾರಿನ್ಯಾಗ ಬಂದೋರಿಗೆ "ಬರ್ರಿ ಬರ್ರಿ" ಅಂತೀವಿ, ಅದನ್ನೂ ಕೇಳ್ತೈತಿ.

ಇಲ್ಲೇ ಒಂದು ರೈಸ್ ಮಿಲ್‌ನ್ಯಾಗ ಕರಿಯ ಅಂತ ನಾಯಿ ಐತಿ. ಮಸ್ಕಿ ಕಡಿಂದ ಹೊಸದಾಗಿ ಬಂದ ಹಮಾಲಿ ಒಬ್ಬನ್ನ ಕಂಡ್ರ ಹಲ್ಲು ಕಿಸಿದು ಬರೂದು, ಮಿಲ್‌ನವ್ರು ಆತನ ಮ್ಯಾಲ ಅನುಮಾನ ಶುರು ಮಾಡಿದ್ರು. ನಾನು ಹೋಗಿ ನೋಡಿದಾಗ ಆತ ತಲಿ ಮ್ಯಾಲ ಗೋಣಿಚೀಲ ಮಡಚಿ ಹಾಕ್ಕೊಂಡು, ಕೈಯಾಗ ಚೀಲ ಎಳಿಯೋ ಕೊಕ್ಕಿ ಹಿಡ್ಕೊಂಡು ನಿಂತಿದ್ದ, ನಾಯಿ ನೋಡಿದ ಕೂಡ್ಲೆ ಕೊಕ್ಕಿ ಹಿಡಿದ ಕೈ ತಾನಾಗೇ ಎದಿ ಮಟ ಏರೂದು. ಹಳೇ ಹಮಾಲರ ಕೈಯಾಗೂ ಕೊಕ್ಕಿ ಇತ್ತು, ಆದ್ರ ಅವ್ರ ಕೈ ಏರತಿರಲಿಲ್ಲ, ಅವ್ರಿಗೆ ನಾಯಿ ರೂಢಿ. ಕೊಕ್ಕಿ ಕೆಳಗಿಡಿಸಿ, ತೌಡಿನ ಚೀಲದ ಮ್ಯಾಲ ಆತನ್ನ ಅಡ್ಡ ಕುಂಡ್ರಿಸಿದೆ. ಕರಿಯ ದೂರ ಸುತ್ತು ಹಾಕಿ, ಕೊಕ್ಕಿ ಮೂಸಿ, ಚಪ್ಪಲಿ ಮೂಸಿ, ಆಮೇಲೆ ಮಣಕಾಲು ಮೂಸಿ ಅಲ್ಲೇ ಬಿಸಲಾಗ ಮಲಗ್ತು. ಆ ಹುಡುಗ ಮತ್ತ ಅನುಮಾನದ ಮಾತು ಕೇಳಲಿಲ್ಲ ಅನ್ನೂದು ನನಗ ಎಲ್ಲದಕ್ಕಿಂತ ಖುಷಿ ಕೊಟ್ಟಿದ್ದು.

ನಾಯಿಗೆ ಹಿಡಿಸಿದ ಮನುಷ್ಯ ಒಳ್ಳೆಯವನೇ ಇರಬೇಕಲ್ಲ?

ನಾಯಿ ಜೊತಿ ಮೆತ್ತಗ ನಡ್ಕೊಳ್ಳೋ ಮನುಷ್ಯ ಅಂತ ಹೇಳಬಹುದು, ಅಷ್ಟ. ಜೇಬಿನ್ಯಾಗ ಬ್ರೆಡ್ಡು ಇಟ್ಕೊಂಡು ಬಂದ ಕಳ್ಳನ್ನ ಹಿಡಿಸ್ಕೊಂಡ ನಾಯಿಗೋಳೂ ಅದಾವ. ಆನೆಗುಂದಿ, ಸಣಾಪುರ ಕಡೆ ಓಣಿ ನಾಯಿಗೋಳು ಫಾರಿನ್‌ನವ್ರನ್ನ ಕಂಡ್ರ ಹಿಂದಿಂದ ಹೋಗ್ತಾವ, ಯಾಕಂದ್ರ ಅವ್ರು ಕುಂತು ಮುದ್ದು ಮಾಡ್ತಾರ, ತಿನ್ನಾಕ ಹಾಕ್ತಾರ. ಹಂಗಂತ ನಮ್ಮೂರ ಮಂದಿ ಕೆಟ್ಟವ್ರಂತಲ್ಲ.

ಮೊದಲೆಲ್ಲ ಚೊಲೋ ಇತ್ತು, ಈಗ ಒಮ್ಮೆಲೆ ಮನಿ ಕೆಲಸದವ್ರನ್ನ ಕಂಡ್ರ ಮಂಚದ ಕೆಳಗ ಹೋಗ್ತೈತಿ. ಇದನ್ನ ಲೆಕ್ಕಕ್ಕ ತಗೋಬೇಕೋ ಬ್ಯಾಡೋ?

ತಗೋಬೇಕು. ಹೊಸಬರನ್ನ ನೋಡಿ ಬೊಗಳೂದು ಬ್ಯಾರೆ, ಪರಿಚಯ ಇದ್ದವ್ರನ್ನ ಕಂಡು ಒಮ್ಮೆಲೆ ಮುದುಡೂದು ಬ್ಯಾರೆ. ನಾಯಿ ತನಗಾದ ನೋವು ಮರೆಯಂಗಿಲ್ಲ, ಯಾರೋ ಹೊಡೆದಿರಬಹುದು, ಕಾಲು ತುಳಿದಿರಬಹುದು, ಬಿಸಿ ನೀರು ಸಿಡಿದಿರಬಹುದು. ಆದ್ರ ಮೊದಲು ನಾಯಿ ಮೈ ತಡವಿ ನೋಡ್ರಿ, ಕಿವಿ ಸೋಂಕು, ಹಲ್ಲು ನೋವು, ಕೀಲು ನೋವು ಇದ್ದ ನಾಯಿನೂ ಮುಟ್ಟೋರಿಂದ ದೂರ ಹೋಗ್ತೈತಿ. ಪಶು ಆಸ್ಪತ್ರೆಗೆ ತೋರ್ಸಿ, ಆಮೇಲೆ ಆ ಅಕ್ಕಾರನ್ನ ಕೂಗಾಡದ ಕೇಳ್ರಿ, ನಾಯಿ ಇರೋ ಜಾಗದಾಗ ಕಸಬರಿಗಿ ಬೀಸೋ ಹಂಗಾಗಿರತೈತಿ ಎಷ್ಟೋ ಸಲ.

## ಪ್ರಯೋಗ ಮಾಡಿ ನೋಡಿದ್ದು

ಜಪಾನ್‌ದವ್ರು ಸಾಬೀತು ಮಾಡ್ಯಾರ, ನಾಯಿಗೆ ಕೆಟ್ಟವ್ರು ಗೊತ್ತಾಗ್ತಾರ ಅಂತ ವಾಟ್ಸಾಪ್‌ನ್ಯಾಗ ಬಂದಿತ್ತು. ಸುಳ್ಳೇನು?

ಪ್ರಯೋಗ ಖರೆ, ವಾಟ್ಸಾಪ್ ಹೇಳಿದ ಅರ್ಥ ಹಿಗ್ಗಿಸಿದ್ದು. 2015ರಾಗ ಕ್ಯೋಟೋ ಯೂನಿವರ್ಸಿಟಿಯವ್ರು ಮಾಡಿದ್ರು. ನಾಯಿ ಮುಂದ ಅದ್ರ ಮಾಲೀಕ ಒಂದು ಡಬ್ಬಿ ತಗಿಯಾಕ ಒದ್ದಾಡ್ತಾನ, ಎಡಕ್ಕೊಬ್ರು ಬಲಕ್ಕೊಬ್ರು ಕುಂತಿರತಾರ. ಒಂದು ಗುಂಪಿನ್ಯಾಗ ಪಕ್ಕದವ್ರು ಕೇಳಿದ ಕೂಡ್ಲೆ ಡಬ್ಬಿ ಹಿಡಿದು ಸಹಾಯ ಮಾಡ್ತಾರ, ಇನ್ನೊಂದ್ರಾಗ ಕೇಳಿದ್ರೂ ಮುಖ ತಿರುಗಿಸ್ತಾರ, ಮೂರನೇದ್ರಾಗ ಮಾಲೀಕ ಕೇಳೂದೇ ಇಲ್ಲ, ಅವ್ರು ಸುಮ್ಕ ಅತ್ಲಾಗ ತಿರುಗ್ತಾರ. ಇನ್ನೊಂದು ಕಡೆ ಕುಂತವ್ರು ಮೂರರಾಗೂ ಏನೂ ಮಾಡಂಗಿಲ್ಲ. ಆಮೇಲೆ ಇಬ್ರೂ ಒಟ್ಟಿಗೆ ನಾಯಿಗೆ ತಿನ್ನಾಕ ಚಾಚ್ತಾರ. ಗುಂಪಿಗೆ 18 ರಂಗ ಒಟ್ಟು 54 ನಾಯಿ.

ಮುಖ ತಿರುಗಿಸಿ ಸಹಾಯ ಮಾಡದವ್ರ ಕೈಯಿಂದ ತಿನ್ನೂದನ್ನ ನಾಯಿಗೋಳು ಕಡಿಮಿ ಮಾಡಿದ್ವು. ಇದು ದೊಡ್ಡ ಮಾತೇ, ಯಾಕಂದ್ರ ತನಗ ಏನೂ ಆಗಿಲ್ಲ, ತನ್ನ ಮಾಲೀಕಗ ಆಗಿದ್ದನ್ನ ನೋಡಿ ನಾಯಿ ದೂರ ಸರೀತು. ಆದ್ರ ಸಹಾಯ ಮಾಡಿದವ್ರನ್ನ ವಿಶೇಷವಾಗೇನೂ ಆರಿಸಲಿಲ್ಲ, ಒಳ್ಳೆಯವ್ರೂ ಏನೂ ಮಾಡದವ್ರೂ ಅವುಕ್ಕ ಒಂದೇ ಆದ್ರು. ಮತ್ತ ನೋಡಿದ್ದು ಒಂದು ಕೃತ್ಯ, ಕೂಡ್ಲೆ, ಕಣ್ಣ ಮುಂದ, ಅದೂ ತನ್ನ ಮಾಲೀಕಗ ಆಗಿದ್ದು. ಗೇಟಿಗೆ ಬಂದ ಹೊಸಬನ ಹಿಂದಿನ ಹತ್ತು ವರ್ಷ ನಾಯಿಗೆ ಕಾಣ್ತಾವ ಅಂತ ಇದ್ರಿಂದ ಹೇಳಾಕ ಬರಂಗಿಲ್ಲ.

ಸುಳ್ಳು ಹೇಳೋರನ್ನ ನಾಯಿ ಹಿಡಿತೈತೇನು?

ತನಗ ಮೋಸ ಮಾಡಿದವ್ರನ್ನ ಹಿಡಿತೈತಿ. ಇದೂ ಕ್ಯೋಟೋದ್ದೇ, 2015. ಮೊದಲು ತಿನ್ನೂದು ಇರೋ ಡಬ್ಬಿ ಕಡೆ ಬೊಟ್ಟು ಮಾಡಿ ತೋರಿಸ್ತಾರ, ನಾಯಿ ಹೋಗ್ತೈತಿ, ತಿಂತೈತಿ. ಎರಡನೇ ಸಲ ಖಾಲಿ ಡಬ್ಬಿ ಕಡೆ ತೋರಿಸಿ ಮೋಸ ಮಾಡ್ತಾರ. ಮೂರನೇ ಸಲ ಮತ್ತ ಖರೇನ ತೋರಿಸಿದ್ರೂ ಭಾಳ ನಾಯಿಗೋಳು ಆ ಬೊಟ್ಟು ನಂಬಲಿಲ್ಲ. ಬ್ಯಾರೆ ಮನುಷ್ಯ ಬಂದು ತೋರಿಸಿದ್ರ ಮತ್ತ ಮೊದಲಿನಂಗ ಹೋದ್ವು. ಎಲ್ಲಾ ಮನುಷ್ಯರ ಮ್ಯಾಲ ಸಿಟ್ಟಿಲ್ಲ, ಆ ಒಬ್ಬರ ಮ್ಯಾಲ ಮಾತ್ರ ನಂಬಿಕಿ ಹೋತು, ಇದು ನನಗ ಭಾಳ ಸೇರಿದ ವಿಷಯ. ಚೆಂಡು ಒಗದಂಗ ಮಾಡಿ ಕೈಯಾಗ ಬಚ್ಚಿಡೋ ಹುಡುಗ್ರಿಗೆ ಇದನ್ನೇ ಹೇಳ್ತೀನಿ, ಹಂಗ ಆಡಬ್ಯಾಡ್ರಪ, ನಿಮ್ಮ ಬೊಟ್ಟಿನ ಕಿಮ್ಮತ್ತು ಹೋಗ್ತೈತಿ.

ಎಲ್ಲಾ ಪ್ರಯೋಗದಾಗೂ ಹಿಂಗ ಬಂದೈತೇನು?

ಇಲ್ಲ. 2022ರಾಗ ಆಸ್ಟ್ರಿಯಾದ ವುಲ್ಫ್ ಸೈನ್ಸ್ ಸೆಂಟರ್‌ನ್ಯಾಗ ತೋಳ ಮತ್ತ ನಾಯಿ ಎರಡಕ್ಕೂ ಉದಾರವಾಗಿ ತಿನ್ನಾಕ ಕೊಡೋರು, ಕೊಡದೇ ಇರೋರು ಇಬ್ರನ್ನ ತೋರ್ಸಿದ್ರು, ಮೊದಲು ಬ್ಯಾರೆ ನಾಯಿಗೆ ಕೊಡೂದನ್ನ ನೋಡಾಕ ಬಿಟ್ಟು, ಆಮೇಲೆ ತಾವೇ ಅನುಭವಿಸೋ ಹಂಗ ಮಾಡಿ. ಗುಂಪಾಗಿ ನೋಡಿದ್ರ ಎರಡೂ ಜಾತಿ ಒಳ್ಳೆಯವ್ರನ್ನೇ ಆರಿಸ್ಲಿಲ್ಲ. 2025ರಾಗ ವಿಯೆನ್ನಾದಾಗ 40 ಸಾಕು ನಾಯಿಗಳ ಮ್ಯಾಲ ಹಂಗೇ ಮಾಡಿದ್ರು, ಎಳೇವು, ನಡುವಯಸ್ಸಿನವು, ಮುದಿ ನಾಯಿ ಅಂತ ಬ್ಯಾರೆ ಬ್ಯಾರೆ ಮಾಡಿ. ವಯಸ್ಸು ಎಷ್ಟೇ ಇರ್ಲಿ, ಇಬ್ರ ನಡುವ ಫರಕು ಮಾಡಲಿಲ್ಲ. ಹಿಂಗಾಗಿ ನಾಯಿಗೋಳು ಮನುಷ್ಯರಿಗೆ ಮನಸಿನ್ಯಾಗ ಮಾರ್ಕು ಹಾಕಿ ಇಟ್ಕೊಳ್ತಾವ ಅಂತ ಗಟ್ಟಿಯಾಗಿ ಹೇಳೋ ಹಂಗಿಲ್ಲ. ವಾಟ್ಸಾಪ್‌ಗೆ ಕ್ಯೋಟೋದ್ದು ಮಾತ್ರ ಬರ್ತೈತಿ, ವಿಯೆನ್ನಾದ್ದು ಬರಂಗಿಲ್ಲ, ಯಾಕಂದ್ರ ನಮಗ ಕೇಳಬೇಕಾಗಿದ್ದು ಅದಲ್ಲ.

ಬೇಕಂತ ಮಾಡಿದ್ದು ಯಾವ್ದು, ಅಪ್ಪಿತಪ್ಪಿ ಆಗಿದ್ದು ಯಾವ್ದು, ಗೊತ್ತಾಗ್ತೈತೇನು?

ಸ್ವಲ್ಪ ಮಟ್ಟಿಗೆ ಹೌದು. 2021ರಾಗ ಜರ್ಮನಿಯಾಗ 51 ನಾಯಿಗೆ ಗಾಜಿನ ಅಡ್ಡಿ ಸಂದಿಂದ ತಿನ್ನಾಕ ಕೊಡೋರು ಒಮ್ಮೆ ಬೇಕಂತಲೇ ಹಿಂದ ಎಳ್ಕೊಂಡ್ರು, ಒಮ್ಮೆ ಕೈಜಾರಿದಂಗ ಕೆಡವಿದ್ರು, ಒಮ್ಮೆ ಸಂದಿ ಮುಚ್ಚಿದ್ದಕ್ಕ ಕೊಡಾಕ ಆಗಲಿಲ್ಲ. ಬೇಕಂತ ಕೊಡದಿದ್ದಾಗ ನಾಯಿಗೋಳು ಅಡ್ಡಿ ಸುತ್ತಿ ತಿನ್ನಾಕ ಬರೂದಕ್ಕ ಹೆಚ್ಚು ಹೊತ್ತು ತಗೊಂಡ್ವು. ಕತ್ತಲಾಗ ಕಾಣದ ಬಾಲ ತುಳಿದ್ರ ಕುಂಯ್ ಅಂದು ಮರುಗಳಿಗಿಗೆ ನೆಕ್ಕಾಕ ಬರ್ತೈತಲ್ಲ, ಅದನ್ನ ನೆನಪು ಮಾಡ್ಕೊಳ್ರಿ.

ಸಿಟ್ಟಿಲೇ ಬೈದ್ರೂ ಮಾತು ಸಿಹಿ ಇದ್ರ ನಂಬತೈತೇನು? ಅಂದ್ರ ಬಾಯಿಮಾತಿನ ಮಂದಿಗೆ ಮೋಸ ಹೋಗ್ತೈತೇನು?

2016ರಾಗ ಬುಡಾಪೆಸ್ಟ್‌ನವ್ರು 13 ನಾಯಿಗೆ ಸ್ಕ್ಯಾನಿಂಗ್ ಮಷೀನ್‌ನ್ಯಾಗ ಅಲ್ಲಾಡದ ಮಲಗೋದು ಕಲಿಸಿ ಮೆದುಳು ನೋಡಿದ್ರು. ಹೊಗಳಿಕಿ ಮಾತೂ ಬೇಕು, ಹೊಗಳೋ ದನಿನೂ ಬೇಕು, ಎರಡೂ ಕೂಡಿದಾಗ ಮಾತ್ರ ಖುಷಿ ಪಡೋ ಭಾಗ ಎಚ್ಚರಾತು. ಹಂಗಾಗಿ ಹಲ್ಲು ಕಚ್ಚಿ "ಬಾ ಮಗನ" ಅಂದ್ರ ಬರಂಗಿಲ್ಲ. ಆದ್ರ ದನಿ, ಮೈ, ಮಾತು ಮೂರನ್ನೂ ಚೊಲೋ ಇಟ್ಕೊಂಡ ಮೋಸಗಾರ ನಾಯಿಗೂ ಮೋಸ ಮಾಡ್ತಾನ, ನಮಗೂ ಮಾಡ್ತಾನ.

ಇವೆಲ್ಲ ಫಾರಿನ್ ಸಾಕು ನಾಯಿಗೋಳು. ನಮ್ಮ ಬೀದಿ ನಾಯಿಗೆ ಅಷ್ಟು ತಿಳಿವಳಿಕಿ ಎಲ್ಲಿಂದ ಬರಬೇಕು?

ನಮ್ಮ ಬೀದಿ ನಾಯಿ ಮನುಷ್ಯನ್ನ ಓದೂದ್ರಾಗ ಯಾವ ಲ್ಯಾಬ್ರಡಾರ್‌ಗೂ ಕಡಿಮಿ ಇಲ್ಲ, ಅದ್ರ ಹೊಟ್ಟಿನೂ ಜೀವನೂ ಅದ್ರ ಮ್ಯಾಲೇ ನಿಂತೈತಿ. ಐಸರ್ ಕೋಲ್ಕತ್ತಾ ಅನ್ನೋ ವಿಜ್ಞಾನ ಸಂಸ್ಥೆದಾಗ ಅನಿಂದಿತಾ ಭದ್ರಾ ಅನ್ನೋ ಸಂಶೋಧಕಿಯ ತಂಡ ಬೀದಿ ನಾಯಿಗಳ ಮ್ಯಾಲನೇ ವರ್ಷಾನುಗಟ್ಟಲೆ ಕೆಲಸ ಮಾಡೈತಿ. 2017ರಾಗ ಅವ್ರು ತೋರಿಸಿದ್ದು, ಗುರ್ತಿಲ್ಲದ ಮನುಷ್ಯ ಪದೇ ಪದೇ ಬಂದು ತಿನ್ನಾಕ ಹಾಕೂದಕ್ಕಿಂತ ಪ್ರೀತಿಲೇ ಮೈ ಸವರಿದ್ರ ಬೀದಿ ನಾಯಿ ಹೆಚ್ಚು ನಂಬತೈತಿ ಅಂತ. 2018ರಾಗ ಬರೇ ಕೈ ಎತ್ತೂದು, ಕೋಲು ಎತ್ತೂದು, ಸ್ನೇಹದಿಂದ ಕರಿಯೂದು ಇವುಗಳ ನಡುವ ಫರಕು ಗೊತ್ತು ಮಾಡಿ ಅದಕ್ಕ ತಕ್ಕಂಗ ನಡ್ಕೊಳ್ತಾವ ಅಂತ. 2020ರಾಗ ಬೊಟ್ಟು ಮಾಡಿ ತೋರಿಸಿದ್ರ, ಹತ್ರ ಬಂದವುಗಳಾಗ ಸುಮಾರು 80 ಪರ್ಸೆಂಟ್ ಬೊಟ್ಟಿನ ದಿಕ್ಕಿಗೇ ಹೋದ್ವು, ಯಾರೂ ಅವುಕ್ಕ ಟ್ರೇನಿಂಗ್ ಕೊಟ್ಟಿರಲಿಲ್ಲ. ಹತ್ರ ಬರದೇ ಇದ್ದವು ಅಂಜಿದವು, ಅವುಕ್ಕ ಮೊದ್ಲ ಮನುಷ್ಯರಿಂದ ಏನಾಗಿತ್ತೋ.

ಆ ತಂಡದ ಕೆಲಸ ಓದಿದ ಮ್ಯಾಲ ಓಣಿ ನಾಯಿಗೆ ಕಲ್ಲು ಒಗಿಯೋ ಹುಡುಗ್ರಿಗೆ ಹೇಳಾಕ ನನಗ ಮಾತು ಸಿಕ್ತು, ನೀವು ಒಗದ ಕಲ್ಲಿನ ಲೆಕ್ಕ ಮುಂದ ನಿಮ್ಮಂಥದೇ ಅಂಗಿ ಹಾಕ್ಕೊಂಡು ಬರೋ ಇನ್ನೊಬ್ಬ ಹುಡುಗ ತೀರಿಸ್ತಾನ.

## ನಂಬಿಕಿ, ಪೊಲೀಸ್ ನಾಯಿ, ಮತ್ತ ಕಠಿಣ ಪ್ರಶ್ನೆಗೋಳು

ಹಂಗಾದ್ರ ಪೊಲೀಸ್ ನಾಯಿ ಕಳ್ಳನ್ನ ಹೆಂಗ ಹಿಡಿತೈತಿ?

ಕಳ್ಳ ಅಂತ ಹಿಡಿಯಂಗಿಲ್ಲ, ವಾಸನಿ ಹಿಡಿತೈತಿ. ಕಳುವಾದ ಜಾಗದಾಗ ಬಿಟ್ಟ ಚಪ್ಪಲಿ, ಬಟ್ಟಿ ಮೂಸಿಸಿ ಬಿಟ್ರ ಆ ವಾಸನಿ ಜಾಡು ಹಿಡಿದು ಹೋಗ್ತೈತಿ, ಆ ಚಪ್ಪಲಿ ಕಳ್ಳಂದಲ್ದ ಮನಿ ಅಳಿಯಂದಾಗಿದ್ರ ಅಳಿಯನ ಮುಂದ ಹೋಗಿ ನಿಂದರತೈತಿ. ನಾಯಿಗೆ ಅಪರಾಧ ಗೊತ್ತಿಲ್ಲ.

ನಡಸೋರ ಮನಸು ಎಷ್ಟು ಸೇರತೈತಿ ಅನ್ನೂದಕ್ಕ ಕ್ಯಾಲಿಫೋರ್ನಿಯಾದಾಗ 2011ರ ಒಂದು ಪ್ರಯೋಗ ಐತಿ. ಮಾದಕ ವಸ್ತು, ಸ್ಫೋಟಕ ಹುಡುಕೋ 18 ನಾಯಿ, ಅವುಗಳನ್ನ ನಡಸೋ ಹ್ಯಾಂಡ್ಲರ್‌ಗೋಳು. ಚರ್ಚಿನ ರೂಮಿನ್ಯಾಗ ಏನೂ ಇಟ್ಟಿರಲಿಲ್ಲ, ಹ್ಯಾಂಡ್ಲರ್‌ಗೆ ಮಾತ್ರ ಇಟ್ಟೀವಿ ಅಂತ ಹೇಳಿ, ಕೆಲವು ಕಡೆ ಕೆಂಪು ಕಾಗದ ಗುರ್ತು ಹಚ್ಚಿದ್ರು. 144 ಸುತ್ತಿನ್ಯಾಗ ತಪ್ಪು ಸೂಚನಿ ಇಲ್ಲದ ಸುತ್ತು 21 ಮಾತ್ರ! ಕಾಗದ ಹಚ್ಚಿದ ಜಾಗದಾಗನ ಸೂಚನಿ ಹೆಚ್ಚು ಬಂದ್ವು, ನಾಯಿಗೆ ಕಾಗದದ ಅರ್ಥ ಗೊತ್ತಿರಲಿಲ್ಲ, ಹ್ಯಾಂಡ್ಲರ್‌ಗೆ ಗೊತ್ತಿತ್ತು. ಟ್ರೇನಿಂಗ್ ಆದ ನಾಯಿ ಜೊತಿನೇ ಹಿಂಗಾದ್ರ ನಮ್ಮ ಮನಿ ಟಾಮಿ ಬೊಗಳಿದ್ದನ್ನ ಸಾಕ್ಷಿ ಅಂತ ಹೆಂಗ ತಗೊಳ್ಳೂದು ಹೇಳ್ರಿ.

ತಪ್ಪು ಮಾಡಿದಾಗ ನಮ್ಮ ನಾಯಿ ಮುಖ ಸಣ್ಣ ಮಾಡಿ ಮೂಲ್ಯಾಗ ಕುಂದರತೈತಿ. ತನ್ನ ತಪ್ಪು ಗೊತ್ತಾಗೋ ನಾಯಿಗೆ ನಮ್ಮ ತಪ್ಪು ಗೊತ್ತಾಗಂಗಿಲ್ಲೇನು?

ನ್ಯೂಯಾರ್ಕ್‌ನ್ಯಾಗ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಸಂಶೋಧಕಿ 2009ರಾಗ 14 ನಾಯಿ ಜೊತಿ ಇದನ್ನ ನೋಡಿದ್ರು. ಮುಟ್ಟಬ್ಯಾಡ ಅಂದಿದ್ದನ್ನ ತಿಂದ ನಾಯಿಗೂ ತಿನ್ನದ ನಾಯಿಗೂ ಮುಖದಾಗ ಫರಕು ಇರಲಿಲ್ಲ, ಮಾಲೀಕರು ಬೈದ್ರ ಮಾತ್ರ ಆ ಮುಖ ಬಂತು, ತಿನ್ನದೇ ಇದ್ರೂ. ಅದು ತಪ್ಪೊಪ್ಪಿಗಿ ಅಲ್ಲ, ನಿಮ್ಮ ಸಿಟ್ಟಿಗೆ ಅಂಜಿದ್ದು. ಹಂಗಾಗಿ ಮನಿಗೆ ಬಂದು ಒಂದು ತಾಸು ಹಿಂದಿನ ತಪ್ಪಿಗೆ ಹೊಡಿಯಬ್ಯಾಡ್ರಿ, ಯಾಕ ಹೊಡ್ದಿರಿ ಅಂತ ಅದಕ್ಕ ಗೊತ್ತೇ ಆಗಂಗಿಲ್ಲ.

ಕುರಿ ಹಟ್ಟಿ ನಾಯಿ ಹೊಸಬರನ್ನ ಒಂದು ಹೆಜ್ಜಿ ಬಿಡಂಗಿಲ್ಲ. ಅದಕ್ಕ ಮನುಷ್ಯನ ನಿಯತ್ತು ಗೊತ್ತಿರಬೇಕಲ್ಲ?

ಅದಕ್ಕ ಕುರಿ ಗೊತ್ತು. ಮರಿ ಇದ್ದಾಗಿಂದ ಕುರಿ ನಡುವನೇ ಮಲಗಿ ಬೆಳದಿರತೈತಿ, ಆ ಹಿಂಡೇ ಅದ್ರ ಮನಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಬಯಲಾಗ ತೋಳ ಇನ್ನೂ ಅದಾವ, ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಗಳ ಸಲುವಾಗಿನ ಅಭಯಾರಣ್ಯ ಮಾಡ್ಯಾರ. ರಾತ್ರಿ ಹೊಲದಾಗ ಕುರಿ ನಿಲ್ಲಿಸಿದಾಗ ಹತ್ರ ಬರೋದು ತೋಳ ಇರ್ಲಿ, ಹೊಲದ ಗೌಡ ಇರ್ಲಿ, ನಾಯಿ ಎದ್ದು ಅಡ್ಡ ನಿಂದರತೈತಿ. ಅದೇ ಗೌಡ ಮುಂಜಾನಿ ಕುರಿಗಾರರ ಜೊತಿ ಕುಂತು ರೊಟ್ಟಿ ತಿಂದ್ರ ಸುಮ್ಕ ನೋಡ್ತೈತಿ. ಕುರಿಗಾರರು ಎಂದೂ ನಾಯಿ ಬೊಗಳಿದ್ದಕ್ಕ ಒಬ್ಬನ್ನ ಕಳ್ಳ ಅನ್ನಂಗಿಲ್ಲ, ಎದ್ದು ಬ್ಯಾಟರಿ ಬಿಟ್ಟು ನೋಡ್ತಾರ, ಯಾರು ಏನು ಅಂತ ತಾವೇ ಕೇಳ್ತಾರ. ಎಬ್ಬಿಸೂದು ನಾಯಿ ಕೆಲಸ, ವಿಚಾರ ಮಾಡೂದು ಮನುಷ್ಯನ ಕೆಲಸ ಅನ್ನೂದನ್ನ ಅವ್ರಷ್ಟು ಚೊಲೋ ಯಾರೂ ತಿಳ್ಕೊಂಡಿಲ್ಲ.

ಮೈಲಾರಲಿಂಗಸ್ವಾಮಿ ಜೊತಿ ನಾಯಿ ಐತಿ, ಕಾಲಭೈರವಂದು ನಾಯಿ ವಾಹನ. ದೈವಾಂಶ ಇರೋ ಪ್ರಾಣಿಗೆ ಗೊತ್ತಾಗಂಗಿಲ್ಲ ಅಂದ್ರ ಹೆಂಗ?

ಆ ಭಕ್ತಿಗೆ ನಾನೂ ಕೈ ಮುಗಿತೀನಿ. ಮೊದಲು ಬಳ್ಳಾರಿ ಜಿಲ್ಲೆದಾಗಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲೂಕಿನ ಮೈಲಾರದ ಗೊರವಯ್ಯಗೋಳು ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು, ನಾಯಿ ಹಂಗ ಬೊಗಳಿ ದೋಣಿ ಅನ್ನೋ ಪಾತ್ರ್ಯಾಗಿಂದು ತಿನ್ನೋ ದೋಣಿ ಸೇವೆ ನೋಡಿದ್ರ ನಮ್ಮ ಮಂದಿ ನಾಯಿಗೆ ಎಂಥ ಜಾಗ ಕೊಟ್ಟಾರ ಅಂತ ತಿಳಿತೈತಿ. ಮಹಾಭಾರತದ ಕೊನಿಗೆ ಧರ್ಮರಾಯನ ಹಿಂದ ಬಂದ ನಾಯಿನೂ ಸಾಕ್ಷಾತ್ ಧರ್ಮನೇ. ಆದ್ರ ಆ ಕಥಿದಾಗ ನಾಯಿ ಬೊಗಳಿ ಯಾರು ಒಳ್ಳೆಯವ್ರು ಅಂತ ಹೇಳಲಿಲ್ಲ. ನಾಯಿನ್ನ ಬಿಟ್ಟು ಬಾ ಅಂದಾಗ ಬಿಡಂಗಿಲ್ಲ ಅಂದ ಧರ್ಮರಾಯ, ಆತನ ಗುಣ ಗೊತ್ತಾಗಿದ್ದು ನಾಯಿ ಜೊತಿ ಆತ ನಡ್ಕೊಂಡ ರೀತಿಯಿಂದ.

ಕೆಲಸಕ್ಕ ಆಳು ಇಟ್ಕೊಳ್ಳುವಾಗ, ಮನಿ ಬಾಡಿಗೆ ಕೊಡುವಾಗ ನಾಯಿ ಹೆಂಗ ಮಾಡ್ತೈತಿ ನೋಡಿ ನಿರ್ಧಾರ ಮಾಡಬಹುದೇನು?

ಮಾಡಬ್ಯಾಡ್ರಿ. ಬಾಡಿಗೆಗೆ ಬಂದೋರು ಸಣ್ಣವ್ರಿದ್ದಾಗ ನಾಯಿ ಕಚ್ಚಿಸ್ಕೊಂಡು ಇವತ್ತಿಗೂ ಅಂಜ್ತಿರಬಹುದು, ನಾಯಿ ಆ ಅಂಜಿಕಿಗೆ ಬೊಗಳ್ತೈತಿ, ನಿಮಗ ಚೊಲೋ ಮಂದಿ ಕೈ ತಪ್ಪತಾರ. ಹಿಂದಿನ ಮನಿ ಮಾಲೀಕರನ್ನ ಕೇಳ್ರಿ, ಕೆಲಸ ಮಾಡಿದ ಕಡೆ ವಿಚಾರಸ್ರಿ. ಇದು ಬರೇ ನಮಗ ಆಗೋ ಲುಕ್ಸಾನಿನ ಮಾತಲ್ಲ, ಒಬ್ಬರ ಅನ್ನದ ಪ್ರಶ್ನೆ ಇರುವಾಗ ಅದನ್ನ ಮಾತು ಬಾರದ ಪ್ರಾಣಿ ತಲಿ ಮ್ಯಾಲ ಹಾಕೂದು ಎರಡು ಜೀವಕ್ಕೂ ಮಾಡೋ ಅನ್ಯಾಯ.

ನಮ್ಮ ನಾಯಿ ಸುಮ್ ಸುಮ್ಕ ಕಚ್ಚಂಗಿಲ್ಲ, ಕಚ್ಚೈತಿ ಅಂದ್ರ ಆತನೇ ಏನೋ ಮಾಡಿರಬೇಕು. ಇದು ಸರಿ ಅಲ್ಲೇನು?

ತಪ್ಪು ಯಾರದು ಅನ್ನೋ ಪಂಚಾಯ್ತಿ ಆಮೇಲೆ. ಕಚ್ಚಿದ ಗಾಯನ ಕೂಡ್ಲೆ ನಲ್ಲಿ ನೀರಿನ ಕೆಳಗ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೀರಿ, ಅರಿಶಿಣ, ಸುಣ್ಣ, ಖಾರಪುಡಿ ಏನೂ ಹಚ್ಚಬ್ಯಾಡ್ರಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ, ಡಾಕ್ಟರ್ ಹೇಳಿದ ಎಲ್ಲಾ ಡೋಸ್ ಮುಗಿಸ್ರಿ, ರಕ್ತ ಬಂದ ಗಾಯ ಇದ್ರ ಗಾಯದ ಸುತ್ತ ಹಾಕೋ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಬಗ್ಗೆ ಕೇಳ್ರಿ. ಮನುಷ್ಯರಿಗೆ ಬರೋ ರೇಬೀಸ್‌ನ್ಯಾಗ 99 ಪರ್ಸೆಂಟ್ ತನಕ ನಾಯಿಯಿಂದನೇ ಬರೂದು, ಲಕ್ಷಣ ಕಂಡ ಮ್ಯಾಲ ಉಳಿಸೂದು ಆಗದ ಮಾತು. "ಒಳ್ಳೆ ನಾಯಿ ಕಚ್ಚೈತಿ, ಏನೂ ಆಗಂಗಿಲ್ಲ" ಅಂತ ಸುಮ್ಕ ಕುಂದರಬ್ಯಾಡ್ರಿ.

ಕಂಡ ಕಂಡವ್ರಿಗೆ ಬೊಗಳದಂಗ, ಆದ್ರ ರಾತ್ರಿ ಎಚ್ಚರ ಇರೋ ಹಂಗ ಮರಿನ್ನ ಹೆಂಗ ಬೆಳಸಬೇಕು?

3 ವಾರದಿಂದ 14 ವಾರದ ತನಕ ಮರಿ ಯಾರನ್ನ, ಏನನ್ನ ನೋಡ್ತೈತೋ ಅದೆಲ್ಲ ಅದಕ್ಕ ತನ್ನ ಲೋಕ ಆಗ್ತೈತಿ, ಆಮೇಲೆ ನೋಡಿದ್ದೆಲ್ಲ ಹೊಸದು, ಅನುಮಾನದ್ದು. ಹಂಗಾಗಿ ಆ ದಿನಗಳಾಗ ಗೇಟ್ ಹಾಕಿ ಒಳಗಿಡಬ್ಯಾಡ್ರಿ. ಲಸಿಕಿ ಪೂರ್ತಿ ಆಗೋ ತನಕ ಬೀದಿ ನೆಲಕ್ಕ ಬಿಡದ ಎತ್ಕೊಂಡು ತೋರಸ್ರಿ. ಹಾಲಿನವ್ರು, ಪೌರಕಾರ್ಮಿಕರು, ಕೋಲು ಹಿಡಿದ ಅಜ್ಜ, ಬುರ್ಖಾ ಹಾಕಿದ ಅಕ್ಕ, ಹೆಲ್ಮೆಟ್ ಹಾಕಿದ ಕೊರಿಯರ್ ಹುಡುಗ, ಚೀಲ ಹೊತ್ತವ್ರು, ಗಾಲಿಕುರ್ಚಿ ಮ್ಯಾಲಿನವ್ರು, ಎಲ್ಲಾರ ಕೈಯಿಂದ ಒಂದೊಂದು ಚೂರು ರೊಟ್ಟಿ ತಿನ್ನಸ್ರಿ. ಯಾರೂ ಒತ್ತಾಯದಿಂದ ಎತ್ತಿ ಹಿಸುಕೂದು ಬ್ಯಾಡ, ಮರಿ ಹಿಂದ ಸರಿದ್ರ ಸರಿಲಿ. ಕಸದ ಗಾಡಿ ಹಾಡು ಬಂದಾಗ ನೀವು ಸುಮ್ಕ, ನಗ್ತಾ ಇರ್ರಿ. ಹಿಂಗ ಬೆಳದ ನಾಯಿ ರಾತ್ರಿ ಕಾಂಪೌಂಡ್ ಜಿಗಿದವನ ಮ್ಯಾಲ ಬೊಗಳೂದನ್ನ ಬಿಡಂಗಿಲ್ಲ, ಅದನ್ನ ಕಲಿಸೂದೇ ಬೇಕಾಗಿಲ್ಲ, ಹೊತ್ತಲ್ಲದ ಹೊತ್ತಿನ ಸಪ್ಪಳಕ್ಕ ತಾನೇ ಏಳತೈತಿ. ರಾಯಚೂರು, ಬಳ್ಳಾರಿ ಬ್ಯಾಸಗಿ ಬಿಸಲಿಗೆ ಹಗಲೆಲ್ಲ ಬೇಯೋ ನಾಯಿ ಸಣ್ಣದಕ್ಕೂ ಸಿಡುಕ್ತೈತಿ, ಹಂಗಾಗಿ ನೆರಳು, ಮಣ್ಣಿನ ಬಾನ್ಯಾಗ ನೀರು ಇರ್ಲಿ, ಚೈನು ಹಾಕಿ ಗೇಟಿಗೆ ಮುಖ ಮಾಡಿ ಕಟ್ಟಬ್ಯಾಡ್ರಿ. ಮರಿಗೆ 3 ತಿಂಗಳಾದ ಕೂಡ್ಲೆ ರೇಬೀಸ್ ಲಸಿಕಿ ಹಾಕಸ್ರಿ, ಆಮೇಲೆ ಡಾಕ್ಟರ್ ಕೊಟ್ಟ ತಾರೀಖಿಗೆ ತಪ್ಪದ ಮತ್ತ ಹಾಕಸ್ರಿ.